ಪುಣೆಯಲ್ಲಿ ಒಬ್ಬರ ಮನೆಯ ಪುಟ್ಟ ತೋಟ ನೋಡೋಕೆ ಹೋಗ್ತಿದೀವಿ, ಎಷ್ಟೊತ್ತಿಗೆ ಹೋದ್ರೆ ಒಳ್ಳೇದು, ಏನೇನು ನೋಡ್ಬೇಕು?

ಮಲೆನಾಡಿಂದ_ಬಾಣೇರ್

ಎಲ್ರಿಗೂ ನಮಸ್ಕಾರ. ಅಮ್ಮ ತೀರ್ಥಹಳ್ಳಿಯಿಂದ ಬಂದಿದಾರೆ, ರಥಸಪ್ತಮಿ ಮುಗಿಸ್ಕೊಂಡು ಹೋಗ್ತಾರೆ. ಇಲ್ಲಿ ನಮ್ದು ಅಪಾರ್ಟ್‌ಮೆಂಟು, ಬಾಲ್ಕನಿಲಿ ಒಂದು ತುಳಸಿ, ಒಂದು ಅಲೋವೆರಾ, ಇನ್ನೊಂದು ಹೆಸ್ರು ಗೊತ್ತಿಲ್ಲದ್ದು, ಅಷ್ಟೇ. ಊರಲ್ಲಿ ಬೆಳಗಾಗೆದ್ದು ಗಿಡದ ಬುಡದಲ್ಲೇ ಇರೋರು ಇಲ್ಲಿ ಟೀವಿ ಮುಂದೆ ಕೂತು ಕೂತು ಸೊರಗಿ ಹೋಗಿದಾರೆ ಪಾಪ.

ವಿಷ್ಯ ಏನಂದ್ರೆ ನನ್ನ ಕಲೀಗ್ ಒಬ್ರ ತಾಯಿ ಮನೆ ಸಹಕಾರನಗರದಲ್ಲಿದೆ, ಹಳೇ ಬಂಗ್ಲೆ, ಮುಂದೆ ಇರೋ ಜಾಗ ಅಂದ್ರೆ ಒಂದು ಕಾರು ಒಂದು ಸ್ಕೂಟರು ನಿಲ್ಸಿದ್ರೆ ಮುಗೀತು, ಆದ್ರೆ ಅಲ್ಲಿರೋ ಬಣ್ಣ ಇದೆಯಲ್ಲ ಅದನ್ನ ನಾನು ರಸ್ತೆಯಿಂದ್ಲೇ ನೋಡಿ ಗಾಡಿ ನಿಲ್ಲಿಸ್ಬಿಟ್ಟೆ. ಕೆಂಪು, ಹಳದಿ, ನೇರಳೆ, ಗೋಡೆಗೆ ಬೇರೆ ನೀಲಿ ಬಣ್ಣ, ಮೆಟ್ಟಿಲು ಮೆಟ್ಟಿಲಿಗೂ ಕುಂಡ. ಕಲೀಗ್ ಹತ್ರ ಹೇಳ್ದೆ, ಅವ್ರು ತಮ್ಮ ತಾಯೀನ, ಅಂದ್ರೆ ಆಜೀನ, ಕೇಳಿದ್ರು, ಆಜಿ "ಕಧೀಹಿ ಯಾ" ಅಂದ್ರಂತೆ, ಯಾವಾಗ ಬೇಕಾದ್ರೂ ಬನ್ನಿ ಅಂತ. ಸಂಕ್ರಾಂತಿಗೆ ಅವ್ರು ಊರಲ್ಲಿರಲ್ವಂತೆ, ಅದಾದ್ಮೇಲೆ ಒಂದು ಭಾನುವಾರ ಹೋಗೋಣ ಅಂತಿದೀವಿ.

ಈಗ ನನ್ನ ಡೌಟುಗಳು. ಬೆಳಿಗ್ಗೆ ಹೋಗ್ಬೇಕಾ ಸಂಜೆ ಹೋಗ್ಬೇಕಾ? ಏನಾದ್ರೂ ತಗೊಂಡು ಹೋಗ್ಬೇಕಾ? ಫೋಟೋ ತೆಗೀಬಹುದಾ? ಅಮ್ಮನಿಗೆ ಮರಾಠಿ ಬರಲ್ಲ, ಹಿಂದೀನೂ ಅಷ್ಟಕ್ಕಷ್ಟೇ. ಅದಕ್ಕಿಂತ ದೊಡ್ಡ ಭಯ ಅಂದ್ರೆ ಅಮ್ಮ ಯಾರ ಮನೆಗೆ ಹೋದ್ರೂ "ಇದರದ್ದೊಂದು ಹೆಣೆ ಕೊಡ್ತೀರಾ" ಅಂತ, ಅಂದ್ರೆ ನೆಡೋಕೆ ಒಂದು ರೆಂಬೆ, ಕೇಳೇ ಕೇಳ್ತಾರೆ, ಊರಲ್ಲಿ ನಡೆಯುತ್ತೆ, ಇಲ್ಲಿ ಹೇಗೋ ಏನೋ. ಮತ್ತೆ ನಂದೇ ಒಂದು ಪ್ರಶ್ನೆ, ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಬಣ್ಣ ಹೇಗೆ ಬರ್ಸ್ತಾರೆ? ನಾನು ನರ್ಸರಿಯಿಂದ ತಂದಿದ್ದೆಲ್ಲ ಎರಡು ವಾರಕ್ಕೆ ಬರೀ ಹಸಿರಾಗ್ಬಿಡುತ್ತೆ.

ಧಾರವಾಡದವ್ರು_ಸಹಕಾರನಗರ

ನಾವೂ ಅದ ಏರಿಯಾದಾಗ ಇರೋದ್ರಿ, ಭಾಳ ವರ್ಷ ಆತು. ಯಾವ ಮನಿ ಅಂತ ಅಂದಾಜ ಆಗೇದ, ಹೆಸರು ಹೇಳೂದಿಲ್ಲ ಬಿಡ್ರಿ.

"ಕಧೀಹಿ ಯಾ" ಅಂದಾರಂತ ಕಧೀಹಿ ಹೋಗಬ್ಯಾಡ್ರಿ ಮತ್ತ. ಪುಣೇದಾಗ ಮಧ್ಯಾಹ್ನ 1 ರಿಂದ 4 ಅಂದ್ರ ಏನಂತ ಗೊತ್ತದಲ್ಲ, ಅಂಗಡಿಯವ್ರ ಸೈತ ಬಾಗಲಾ ಹಾಕ್ಕೊಂಡು ಮಲಗೋ ಊರು ಇದು. ಹಿಂದಿನ ದಿವಸ ಫೋನ್ ಮಾಡಿ ಟೈಮ್ ಹೇಳ್ರಿ, ಆ ಟೈಮಿಗೇ ಹೋಗ್ರಿ, ಅರ್ಧಾ ತಾಸು ಮೊದಲ ಹೋಗೂದೂ ಬ್ಯಾಡ. ಎಷ್ಟು ಮಂದಿ ಬರ್ತೀವಿ ಅಂತನೂ ಹೇಳ್ರಿ, ಸಣ್ಣ ಜಾಗಾದಾಗ ಐದಾರು ಮಂದಿ ನಿಂತ್ರ ಕುಂಡಲಿ ಒದೀತಾರ.

ಸಂಕ್ರಾಂತಿಯಿಂದ ರಥಸಪ್ತಮಿ ತನಕ ಇಲ್ಲೆ ಹಳದಿ-ಕುಂಕು ಸೀಸನ್ನು, ಹೆಣ್ಮಕ್ಕಳು ಮನಿ ಮನಿಗೆ ಓಡ್ಯಾಡ್ತಿರ್ತಾರ, ಹಿಂಗಾಗಿ ನಿಮ್ಮ ಅಮ್ಮ ಹೋದ್ರ ಯಾರೂ ಪರಕೀಯ ಅಂತ ನೋಡೂದಿಲ್ಲ. ತಿಳಗುಳ ಕೊಡ್ತಾರ, ನೀವು ನಿಮ್ಮ ಕಡೆ ಎಳ್ಳು-ಬೆಲ್ಲ ಒಯ್ರಿ, ಕೊಬ್ರಿ ಶೇಂಗಾ ಹಾಕಿದ್ದು, ಇಲ್ಲಿ ಮಂದಿಗೆ ಅದು ಹೊಸಾದು, ಖುಷಿ ಪಡ್ತಾರ. ತ್ವಾಟ ನೋಡಾಕ ಹೊಂಟವ್ರು ಅಂಗಡಿ ಬೊಕೆ ಮಾತ್ರ ಒಯ್ಯಬ್ಯಾಡ್ರಿ, ಅದರಂಥಾ ವಿಚಿತ್ರ ಮತ್ತೊಂದಿಲ್ಲ. ಅಮ್ಮ ಊರಿಂದ ಗೌರಿ ಹೂವಿನ ಬೀಜಾನೋ ಏನೋ ತಂದಿದ್ರ ಒಂದು ಚೀಟಿ ಕಟ್ಟಿ ಕೊಡ್ರಿ.

ಇನ್ನ ಟೊಂಗಿ ಕೇಳೂ ವಿಷಯ. ಕೇಳಬ್ಯಾಡ್ರಿ. ಮನ್ಯಾಗನ ಅಮ್ಮಗ ಹೇಳಿ ಕರ್ಕೊಂಡು ಹೋಗ್ರಿ. ಸಣ್ಣ ತ್ವಾಟ ಅದು, ಬಂದವ್ರೆಲ್ಲ ಒಂದೊಂದು ಮುರಕೊಂಡು ಹೋದ್ರ ಉಳಿಯೂದೇನು? ಮೊದಲ ನಮ್ಮ ಓಣ್ಯಾಗ ಮುಂಜಾನೆ ವಾಕಿಂಗ್ ಬರೋ ಮಂದಿ ಕಂಪೌಂಡಿನ ಹೊರಗ ಬಂದ ದಾಸಾಳಾ ಎಲ್ಲಾ ಕಿತ್ತು ಚೀಲಾ ತುಂಬಿಸ್ಕೊಂಡು ಹೋಗ್ತಾರ. ಒಬ್ರ ಗೇಟಿಗೆ ಪಾಟಿ ಅದ, "ಇಲ್ಲಿಯ ಹೂವಿನಿಂದ ಮಾಡಿದ ಪೂಜೆಯ ಪುಣ್ಯ ಮನೆಮಾಲೀಕರಿಗೆ ಜಮಾ ಆಗುತ್ತದೆ" ಅಂತ. ಮರಾಠಿಯೊಳಗ ಓದಿದ್ರ ಇನ್ನೂ ಮಜಾ ಬರ್ತದ.

ಗಿಡದ_ಹುಚ್ಚ

ಟೈಮಿಂದ ಶುರು ಮಾಡ್ತೀನಿ. ಒಂದೇ ಹೊತ್ತಲ್ಲಿ ಎಲ್ಲ ಹೂವೂ ನೋಡೋಕಾಗಲ್ಲ. ಪಾರಿಜಾತ ಬೆಳಗಿನ ಜಾವಕ್ಕೆ ಉದುರಿ ಮುಗಿದಿರುತ್ತೆ. ಟೇಬಲ್ ರೋಸ್ ಅಂತೀವಲ್ಲ, ಇಲ್ಲಿ ಚಿನಿಗುಲಾಬ್ ಅಂತಾರೆ, ಅದು ಬಿಸಿಲು ಚೆನ್ನಾಗಿ ಬಿದ್ಮೇಲೇ ಬಾಯಿ ಬಿಡೋದು, ಮಧ್ಯಾಹ್ನ ಕಳೆದ್ರೆ ಮುಚ್ಕೊಳುತ್ತೆ. ಸಂಜೆಮಲ್ಲಿಗೆ ನಾಲ್ಕರ ಮೇಲೆ ಅರಳುತ್ತೆ. ಮಧುಮಾಲತಿ ಬಳ್ಳಿ ಇದ್ರೆ ಅದು ಮುಸ್ಸಂಜೆಗೆ ಬಿಳಿಯಾಗಿ ಅರಳಿ, ಆಮೇಲೆ ಒಂದೆರಡು ದಿನದಲ್ಲಿ ಗುಲಾಬಿಯಾಗಿ ಕಡೆಗೆ ಕೆಂಪಾಗುತ್ತೆ, ಒಂದೇ ಗೊಂಚಲಲ್ಲಿ ಮೂರೂ ಬಣ್ಣ ಕಾಣೋದು ಅದಕ್ಕೇ, ಬಿಳಿ ಇರೋದು ಇವತ್ತಿನ ಹೂ, ಕೆಂಪಿರೋದು ಹಳೇದು. ಜನವರೀಲಿ ಒಂದೇ ಸಲ ಹೋಗೋದಾದ್ರೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು ಬೆಸ್ಟು, ಪೆಟೂನಿಯಾ ಮೇಲಿನ ಇಬ್ಬನಿ ಒಣಗಿರುತ್ತೆ, ನೆತ್ತಿ ಬಿಸಿಲು ಇನ್ನೂ ಬಂದಿರಲ್ಲ. ಹನ್ನೆರಡರ ಬಿಸಿಲಲ್ಲಿ ಬಣ್ಣ ಎಲ್ಲ ಬೆಳ್ಳಗೆ ತೊಳ್ದಂಗೆ ಕಾಣುತ್ತೆ, ಕಣ್ಣಿಗೂ ಅಷ್ಟೇ ಕ್ಯಾಮೆರಾಗೂ ಅಷ್ಟೇ. ಸಂಜೇನೇ ಆಗ್ಬೇಕು ಅಂದ್ರೆ ಐದರ ಒಳಗೆ ಹೋಗಿ, ಕತ್ತಲಾಗ್ತಾ ಆಗ್ತಾ ಮೊದಲು ಕಪ್ಪಾಗೋದೇ ಕೆಂಪು ಹೂ, ಬಿಳಿ ನೀಲಿ ಕೊನೇತನಕ ಕಾಣಿಸ್ತಿರುತ್ತೆ.

ಈಗ ಅಷ್ಟು ಬಣ್ಣ ಎಲ್ಲಿಂದ ಅನ್ನೋದು. ಹೋದಾಗ ಗಮನಿಸಿ ನೋಡಿ, ಅರ್ಧ ಬಣ್ಣ ಹೂವಿಂದ ಬಂದಿರಲ್ಲ. ಕ್ರೋಟನ್, ಕೋಲಿಯಸ್, ನೇರಳೆ ಎಲೆಯ ಟ್ರೇಡ್‌ಸ್ಕಾಂಶಿಯಾ, ಅಕಾಲಿಫಾ, ಇವೆಲ್ಲ ಎಲೆ ಬಣ್ಣ, ಉದುರಿ ಹೋಗೋ ಟೆನ್ಷನ್ ಇಲ್ಲ. ಕ್ರೋಟನ್ನಿಗೆ ಬಿಸಿಲು ಬೇಕು, ನೆರಳಲ್ಲಿಟ್ರೆ ಹಸಿರಿಗೆ ತಿರುಗುತ್ತೆ, ನಿಮ್ಮದು ಹಸಿರಾಗಿದ್ದು ಬಹುಶಃ ಹಿಂಗೇ, ಬಾಲ್ಕನಿ ಯಾವ ದಿಕ್ಕು ಅಂತ ನೀವು ಹೇಳ್ಲಿಲ್ಲ. ಕೋಲಿಯಸ್ ಉಲ್ಟಾ, ಅದಕ್ಕೆ ಸುಡುಬಿಸಿಲು ಆಗಲ್ಲ, ಬೆಳಕಿರೋ ನೆರಳು ಸಾಕು. ಕಾಗದದ ಹೂ ತಗೊಳ್ಳಿ, ಅದರಲ್ಲಿ ನಮಗೆ ಬಣ್ಣವಾಗಿ ಕಾಣೋದು ಹೂವೇ ಅಲ್ಲ, ಬಣ್ಣ ಬಂದಿರೋ ಎಲೆ. ನಿಜವಾದ ಹೂ ಆ ಮೂರು ಎಲೆ ಮಧ್ಯ ಬೆಳ್ಳಗೆ ಸಣ್ಣ ಕೊಳವೆ ಥರ ಇರುತ್ತೆ, ಹತ್ರ ಹೋಗಿ ನೋಡಿ. ಎಲೆ ಆಗಿರೋದ್ರಿಂದ್ಲೇ ಅದು ವಾರಗಟ್ಲೆ ನಿಲ್ಲೋದು. ಅದಕ್ಕೆ ನೀರು ಜಾಸ್ತಿ ಹಾಕಿದ್ರೆ ಬರೀ ಹಸಿರು ರೆಂಬೆ ಬಿಡುತ್ತೆ, ಸ್ವಲ್ಪ ಒಣಗಿಸಿ ಒಣಗಿಸಿ ಕೊಟ್ರೆ ಬಣ್ಣ ಬರುತ್ತೆ.

ಎರಡನೇದು ಹವಾ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಜನವರಿ ರಾತ್ರಿ ಸಾಮಾನ್ಯವಾಗಿ 11-12 ಡಿಗ್ರಿಗೆ ಇಳಿಯುತ್ತೆ, ಕೆಲವು ದಿನ 10ರ ಕೆಳಗೂ ಹೋಗುತ್ತೆ, ಹಗಲು ಬಿಸಿಲು ಚೆನ್ನಾಗಿರುತ್ತೆ. ಪೆಟೂನಿಯಾ, ಡಯಾಂಥಸ್, ಫ್ಲಾಕ್ಸ್, ಸಾಲ್ವಿಯಾ, ಪ್ಯಾನ್ಸಿ, ಕ್ಯಾಲೆಂಡುಲಾ, ಡೇಲಿಯಾ ಇವಕ್ಕೆಲ್ಲ ಇದು ಹಬ್ಬ. ಗಣಪತಿ ಮುಗಿದು ದಸರಾ ಒಳಗೆ ಬೀಜ ಹಾಕಿದ್ರೆ ಡಿಸೆಂಬರಿಂದ ಹೂ ಶುರುವಾಗಿ ಮಾರ್ಚ್ ಬಿಸಿಲಿಗೆ ಮುಗಿಯುತ್ತೆ. ನಾವು ಮಾಡೋದೇನು, ಜನವರೀಲಿ ನರ್ಸರಿಗೆ ಹೋಗಿ ಹೂ ತುಂಬ್ಕೊಂಡಿರೋ ಕುಂಡ ತರ್ತೀವಿ, ಅದರ ಆಯಸ್ಸು ಅರ್ಧ ಅಲ್ಲೇ ಮುಗಿದಿರುತ್ತೆ. ಒಣಗಿದ ಹೂ ದಿನಾ ಕಿತ್ತು ಹಾಕ್ಬೇಕು, ಬಿಟ್ರೆ ಗಿಡ ಬೀಜ ಕಟ್ಟೋಕೆ ಹೋಗುತ್ತೆ, ಹೊಸ ಮೊಗ್ಗು ನಿಂತೋಗುತ್ತೆ. ಪೆಟೂನಿಯಾದಲ್ಲಂತೂ ಇದೊಂದೇ ಕೆಲಸಕ್ಕೆ ಅಜ್ಜಿಗೆ ದಿನಾ ಒಂದು ಗಂಟೆ ಬೇಕು.

ಮೂರನೇದು, ನಾನು ಹೇಳ್ಬೇಕು ಅಂತಿದ್ದಿದ್ದೇ ಇದು. ಹಿತ್ತಲು ತೋರ್ಸಿ ಅಂತ ಕೇಳಿ. ನೀವು ಮಲೆನಾಡಿನವರು, ಯಕ್ಷಗಾನದ ಚೌಕಿ ಗೊತ್ತಲ್ಲ, ವೇಷ ಕಟ್ಟೋ ಜಾಗ, ಇಂಥ ತೋಟಗಳಲ್ಲಿ ಮನೆ ಹಿಂದಿನ ಜಾಗ ಹಾಗೇ ಇರುತ್ತೆ. ಮೊಗ್ಗು ಬಂದಿರೋ ಕುಂಡ ಹಿಂದಿಂದ ಮುಂದಕ್ಕೆ ಬರುತ್ತೆ, ಹೂ ಮುಗಿಸಿದ್ದು ಮುಂದಿಂದ ಹಿಂದಕ್ಕೆ ಹೋಗಿ ಸುಧಾರಿಸ್ಕೊಳುತ್ತೆ. ರಸ್ತೆಗೆ ಕಾಣೋ ಕುಂಡಕ್ಕಿಂತ ಹಿಂದೆ ಕಾಯ್ತಿರೋದೇ ಜಾಸ್ತಿ ಇರುತ್ತೆ. ಮುಂದಿನದ್ದು ಮಾತ್ರ ನೋಡಿ ವಾವ್ ಅಂತ ಬಂದವರು ಮನೇಲಿ ಏನೂ ಮಾಡೋಕಾಗಲ್ಲ, ಯಾಕಂದ್ರೆ ಅಲ್ಲಿ ಕಲಿಯೋದೇ ಇಲ್ಲ. ಎಲ್ಲ ಗಿಡಾನೂ ಒಂದೇ ಜಾಗದಲ್ಲಿ ವರ್ಷಪೂರ್ತಿ ಹೂ ಬಿಡ್ಬೇಕು ಅಂತ ನಾವು ಹಠ ಹಿಡೀತೀವಿ, ಅವರು ಹಿಡಿಯಲ್ಲ.

ಆಮೇಲೆ ಚಿಕ್ಕ ಮಕ್ಕಳು ಜೊತೇಲಿದ್ರೆ ಕಣಗಿಲೆ, ಡೈಫೆನ್‌ಬೇಕಿಯಾ ಹತ್ರ ಹುಷಾರು, ಎರಡೂ ಬಾಯಿಗೆ ಹೋಗ್ಬಾರ್ದು.

ದೊಡ್ಡ ತೋಟಾನೂ ಅಮ್ಮನಿಗೆ ತೋರಿಸ್ಬೇಕು ಅಂದ್ರೆ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಎಂಪ್ರೆಸ್ ಗಾರ್ಡನ್ನಲ್ಲಿ ಫ್ಲವರ್ ಶೋ ಇರುತ್ತೆ, 39 ಎಕರೆ, ದೊಡ್ಡ ದೊಡ್ಡ ಹಳೇ ಮರಗಳಿವೆ. ಸಿಂಹಗಡ ರೋಡಲ್ಲಿ ಪು.ಲ. ದೇಶಪಾಂಡೆ ಉದ್ಯಾನ ಇದೆ, ಜಪಾನಿನ ಒಕಾಯಾಮಾ ಊರಿನ ಕೋರಾಕುಎನ್ ತೋಟದ ಮಾದರೀಲಿ ಮಾಡಿದ್ದು, ಅಲ್ಲಿ ಹೂವಿನ ಬಣ್ಣ ಕಮ್ಮಿ, ನೀರು ಕಲ್ಲು ಹುಲ್ಲು ಜಾಸ್ತಿ. ಮನೆತೋಟ ನೋಡಿದ ವಾರದಲ್ಲೇ ಅದನ್ನೂ ನೋಡಿದ್ರೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ಮಾಟುಂಗಾದಾಕೆ

ಧಾರವಾಡದವರ ಮಾತು ನಾನು ಒಪ್ಪುವುದಿಲ್ಲ ಮಾರಾಯ್ರೆ. ಗೆಲ್ಲು ಕೇಳುವುದರಲ್ಲಿ ಎಂತ ತಪ್ಪುಂಟು? ನಮ್ಮ ಉಡುಪಿ ಕಡೆ ತೋಟ ನೋಡಿ "ಚಂದ ಉಂಟು" ಅಂತ ಹೇಳಿ ಏನೂ ಕೇಳದೆ ಎದ್ದು ಬಂದ್ರೆ ಆ ಮನೆಯವರಿಗೇ ಬೇಜಾರಾಗ್ತದೆ, ಇವಳಿಗೆ ನಮ್ಮ ಗಿಡ ಹಿಡಿಸಲಿಲ್ಲವಾ ಅಂತ. ಅರ್ಧ ಕರಾವಳಿಯ ಕ್ರೋಟನ್ ಎಲ್ಲ ಹೀಗೇ ಮನೆಯಿಂದ ಮನೆಗೆ ಹೋದದ್ದು, ಯಾರೂ ದುಡ್ಡು ಕೊಟ್ಟು ತಂದದ್ದಲ್ಲ. ಕೇಳುವ ರೀತಿ ಬೇಕು ಅಷ್ಟೆ. ಮೊದಲು ಗಿಡದ ಬಗ್ಗೆ ಮಾತಾಡಿ, ಯಾವಾಗ ಹಚ್ಚಿದ್ದು, ಎಷ್ಟು ನೀರು, ಕೇಳಿ, ಅವರಿಗೇ ಗೊತ್ತಾಗ್ತದೆ ಇವರು ಗಿಡ ಸಾಕುವವರು ಅಂತ. ಮತ್ತೆ ಒಂದೇ ಒಂದು ಕೇಳಿ, ಅವರ ಹತ್ರ ತುಂಬ ಇರುವಂಥದ್ದನ್ನೇ ಕೇಳಿ. ಕತ್ತರಿಸುವವರು ಅವರೇ ಆಗ್ಬೇಕು, ನಾವು ಕೈ ಹಾಕ್ಲಿಕ್ಕಿಲ್ಲ. ಮುಸ್ಸಂಜೆ ಮೇಲೆ ಗಿಡ ಮುಟ್ಲಿಕ್ಕಿಲ್ಲ ಅಂತ ಕೆಲವರಿಗೆ ಉಂಟು, ಅದನ್ನೂ ನೋಡ್ಕೊಳ್ಳಿ.

ಬದಲಿಗೆ ಕೊಡ್ಲಿಕ್ಕೆ ನಮ್ಮ ಕೈಯಲ್ಲೂ ಏನಾದ್ರೂ ಇರ್ಬೇಕು. ನಾನು ಶಂಕರಪುರದಿಂದ ಮಲ್ಲಿಗೆ ಗಿಡ ತಂದು ಇಲ್ಲಿ ಚಾಳಿನ ಅಂಗಳದಲ್ಲಿ ಇಟ್ಟಿದ್ದೇನೆ, ಮುಂಬೈಯಲ್ಲಿ ಅದು ಊರಿನ ಹಾಗೆ ಅಟ್ಟೆಗಟ್ಟಲೆ ಎಲ್ಲಿ ಆಗ್ತದೆ, ಮಳೆಗಾಲದಲ್ಲಿ ಎಲೆಗೆ ಚುಕ್ಕೆ ರೋಗ ಬರ್ತದೆ, ಆದ್ರೂ ಬೇಸಿಗೆಯಲ್ಲಿ ಒಂದು ಬೊಗಸೆ ಸಿಗ್ತದೆ. ಯಾರ ಮನೆ ತೋಟ ನೋಡ್ಲಿಕ್ಕೆ ಹೋದ್ರೂ ಅದರದ್ದೊಂದು ಬೇರು ಬಂದ ಗೆಲ್ಲು ತಗೊಂಡೇ ಹೋಗುದು.

ಮುಂಬೈಯಲ್ಲಿ ಇಂಥ ತೋಟ ಎಲ್ಲುಂಟು ಅಂತ ಕೇಳ್ಬೇಡಿ, ನಮ್ಮಲ್ಲಿ ಎಲ್ಲ ಕಿಟಕಿಯ ಗ್ರಿಲ್ಲಿನಲ್ಲೇ. ಗಿರಗಾಂವಿನ ಖೋತಾಚಿವಾಡಿಯ ಹಳೇ ಮರದ ಮನೆಗಳ ಎದುರು ಸ್ವಲ್ಪ ಕುಂಡಗಳು ಚಂದ ಉಂಟು, ಆದ್ರೆ ಅದು ಜನ ಇರುವ ಮನೆ, ಮೆಟ್ಟಿಲು ಹತ್ತಿ ಇಣುಕುವುದಲ್ಲ. ಹೂವಿನ ಶೋ ಬೇಕಿದ್ರೆ ಭಾಯಖಳಾದ ರಾಣಿಬಾಗಿನಲ್ಲಿ ಮುನಿಸಿಪಾಲಿಟಿಯವರು ಚಳಿಗಾಲದ ಕೊನೆಗೆ ಮಾಡ್ತಾರೆ.

ಸುಮ್ನೆ_ಓದುಗ

ಕೇಳಿ ತಂದ ಮನಿಪ್ಲಾಂಟ್ ಬರಲ್ಲ, ಕದ್ದು ತಂದ್ರೆ ಮಾತ್ರ ಬರೋದು ಅಂತ ನಮ್ಮನೇಲಿ ನಂಬಿಕೆ. ಅಮ್ಮನಿಗೆ ದೊಡ್ಡ ವ್ಯಾನಿಟಿ ಬ್ಯಾಗ್ ಕೊಟ್ಟು ಕಳಿಸಿ 😄

ಧಾರವಾಡದವ್ರು_ಸಹಕಾರನಗರ

@ಸುಮ್ನೆ_ಓದುಗ ನೀವ ಏನ್ರಿ ಹಂಗಾದ್ರ ಮುಂಜಾನೆ ದಾಸಾಳಾ ಹರ್ಕೊಂಡು ಹೋಗೋವ್ರು!

@ಮಾಟುಂಗಾದಾಕೆ ನಿಮ್ಮ ಮಾತು ಖರೇ ಅದರಿ, ಊರಾಗ ನಾವೂ ಹಂಗ. ಆದ್ರ ಇವ್ರಿಗೆ ಪರಿಚಯ ಇಲ್ಲದ ಮನಿ, ಮೊದಲ ಭೇಟಿ. ಎರಡನೇ ಸಲ ಹೋದಾಗ ಕೇಳ್ಲಿ ಬೇಕಾದ್ರ.

ವಾಸ್ಕೋದಲ್ಲಿರೋ_ಕಾರವಾರಿ

ಫೋಟೋ ಬಗ್ಗೆ ಯಾರೂ ಉತ್ತರ ಕೊಡ್ಲಿಲ್ಲ, ಅದಕ್ಕೇ ಬರೀತಿದೀನಿ. ಇಲ್ಲಿ ಪಣಜಿಯ ಫೊಂತೈನ್ಹಾಸ್ ಗೊತ್ತಿರ್ಬೇಕಲ್ಲ, ಹಳದಿ ನೀಲಿ ಕೆಂಪು ಗೋಡೆ, ಬಾಗಿಲ ಮುಂದೆ ಕುಂಡ, ಕಿಟಕಿ ಮೇಲೆ ಬಳ್ಳಿ. ಅಲ್ಲಿಯ ಜನ ಫೋಟೋ ತೆಗೆಯೋರ ಕಾಟಕ್ಕೆ ಬೇಸತ್ತು ಮನೆ ಮುಂದೆ ಬೋರ್ಡ್ ಹಾಕಿದ್ದಾರೆ, ಪ್ರೀವೆಡ್ಡಿಂಗ್ ಅಂತ ಬಂದು ಅವರದ್ದೇ ಮೆಟ್ಟಿಲ ಮೇಲೆ ಕೂತು ಸೀರೆ ಸರಿಮಾಡ್ಕೊಳ್ತಾರೆ ಅಂದ್ರೆ ಯಾರಿಗೆ ಸಿಟ್ಟು ಬರಲ್ಲ. ಹಾಗಾಗಿ ಮೊದಲು ಕೇಳಿ, ಹೂಂ ಅಂದ್ರೆ ತೆಗೀರಿ, ತೆಗೆದ್ರೂ ಮನೆ ನಂಬರು ಗೇಟು ಬರದ ಹಾಗೆ. ಅಡ್ರೆಸ್ ಹಾಕಿ ರೀಲ್ಸ್ ಮಾಡಿದ್ರೆ ಮುಂದಿನ ಭಾನುವಾರ ಆಜಿ ಮನೆ ಮುಂದೆ ಕ್ಯೂ.

ಗೋವಾದ ತೋಟ ನೋಡ್ಬೇಕಂದ್ರೆ ಜನವರಿ ಅಲ್ಲ, ಮಳೆ ಬಿಟ್ಟ ಮೇಲೆ ಅಕ್ಟೋಬರಲ್ಲಿ ಬನ್ನಿ. ಇಲ್ಲಿ ಮಳೆ 3000 ಮಿ.ಮೀ. ಹತ್ರ, ಪುಣೆಯಲ್ಲಿ ಸುಮಾರು 700 ಇರ್ಬೇಕು, ಆಗ ಇಲ್ಲಿ ಕ್ರೋಟನ್ನಿನ ಬಣ್ಣ ನೋಡೋಕೆ ಎರಡು ಕಣ್ಣು ಸಾಲಲ್ಲ. ಅಬ್ಬಲಿಗೆಯಂತೂ ಪ್ರತಿ ಮನೆ ಅಂಗಳದಲ್ಲಿ. ನಮ್ಮದು ಕೆಂಪು ಜಂಬಿಟ್ಟಿಗೆ ಮಣ್ಣು, ಕೇಪಳ (ಇಕ್ಸೋರಾ) ತಾನಾಗೇ ಬೆಳೆಯುತ್ತೆ. ಅದೇ ಗಿಡ ಪುಣೆಯಲ್ಲಿರೋ ಅಕ್ಕನ ಮನೆಗೆ ಕೊಟ್ರೆ ಎಲೆ ಹಳದಿ ಆಗ್ತಾ ಹೋಗುತ್ತೆ, ನರ ಮಾತ್ರ ಹಸಿರು. ಯಾಕೆ ಅಂತ ಗಿಡದ ಹುಚ್ಚರು ಹೇಳ್ಬೇಕು.

ಮಲೆನಾಡಿಂದ_ಬಾಣೇರ್

ಹೋಗಿ ಬಂದ್ವಿ! ಎಲ್ರಿಗೂ ಥ್ಯಾಂಕ್ಸ್. ಫೋಟೋ ಇಲ್ಲ, ಆಜಿ "ಕಣ್ಣಲ್ಲಿ ನೋಡಿ, ಫೋನ್ ಒಳಗಿಡಿ" ಅಂದ್ರು, ಅದೂ ಕನ್ನಡದಲ್ಲಿ! ನಾನು ಮರಾಠಿ ವಾಕ್ಯ ಎಲ್ಲ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ, ಅವ್ರ ತವರು ಅಕ್ಕಲಕೋಟೆ ಕಡೆಯಂತೆ, ಮನೇಲಿ ಅರ್ಧ ಕನ್ನಡ ಅರ್ಧ ಮರಾಠೀಲೇ ಬೆಳ್ದಿದ್ದಂತೆ, ಸಂಕ್ರಾಂತಿಗೆ ಹೋಗಿದ್ದೂ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ. ನನ್ನ ಕಲೀಗಿಗೆ ಕನ್ನಡ ಒಂದಕ್ಷರ ಬರಲ್ಲ, ಅದಕ್ಕೇ ಹೇಳಿರ್ಲಿಲ್ಲ ಅನ್ಸುತ್ತೆ. ಅಮ್ಮನಿಗೆ ಮೊದಲು ಅವ್ರ ಕನ್ನಡ ಪೂರ್ತಿ ಅರ್ಥ ಆಗ್ಲಿಲ್ಲ, ಅವ್ರಿಗೆ ಅಮ್ಮಂದು ಅರ್ಥ ಆಗ್ಲಿಲ್ಲ, ಎಳ್ಳು-ಬೆಲ್ಲ ತಿಂತಾ ತಿಂತಾ ಸರಿಹೋಯ್ತು.

ತೋಟದ ವಿಷ್ಯಕ್ಕೆ ಬರ್ತೀನಿ. ಮಧ್ಯದಲ್ಲಿ ತುಳಸಿಕಟ್ಟೆ, ಸುತ್ತ ಕೆಂಪು ಸಾಲ್ವಿಯಾ, ಅದರ ಸುತ್ತ ಹಳದಿ ಕ್ಯಾಲೆಂಡುಲಾ. ಗೋಡೆಗೆ ನೀಲಿ ಯಾಕೆ ಅಂದ್ರೆ ಬಿಳಿ ಗೋಡೆ ಮುಂದೆ ಬಿಳಿ ಶೇವಂತಿಗೆ ಕಾಣ್ತಿರ್ಲಿಲ್ವಂತೆ, ಸುಣ್ಣಕ್ಕೆ ನೀಲಿ ಕಲ್ಸಿ ಅವ್ರೇ ಬಳಿದಿದ್ದು. ಮತ್ತೆ ಕೆಂಪು ಹಳದಿ ಎಲ್ಲ ಗೇಟಿನ ಹತ್ರ, ನೀಲಿ ನೇರಳೆ ಎಲ್ಲ ಆ ಕಡೆ ಗೋಡೆ ಹತ್ರ, ಹಾಗಿಟ್ರೆ ಗೋಡೆ ದೂರ ಇದ್ದಂಗೆ ಕಾಣುತ್ತೆ ಅಂದ್ರು, ನಿಜ, ಒಳಗೆ ನಿಂತಾಗ್ಲೇ ಗೊತ್ತಾಗಿದ್ದು ಜಾಗ ನಾನು ಅಂದ್ಕೊಂಡಿದ್ದಕ್ಕಿಂತ್ಲೂ ಚಿಕ್ಕದು ಅಂತ. ಗೇಟಿನ ಮೇಲೆ ಕಾಗದದ ಹೂ, ಅದರ ಕುಂಡಕ್ಕೆ ವಾರಕ್ಕೊಂದು ಸಲ ನೀರಂತೆ ಅಷ್ಟೇ. ಅಮ್ಮ ಆ ಪುಟ್ಟ ಬಿಳಿ ಹೂ ನೋಡೋಕೆ ಕನ್ನಡಕ ಹಾಕ್ಕೊಂಡು ಬಗ್ಗಿದ್ರು, ಇಷ್ಟು ವರ್ಷ ಗಿಡ ಸಾಕಿದ್ರೂ ಅದನ್ನ ನೋಡೇ ಇರ್ಲಿಲ್ವಂತೆ.

ಹಿತ್ತಲು ತೋರ್ಸಿ ಅಂತ ಕೇಳ್ದೆ. ಆಜಿ ಒಂದ್ಸಲ ನನ್ನ ಮುಖ ನೋಡಿ, ಯಾರೂ ಅದನ್ನ ಕೇಳಲ್ಲ, ಬರ್ರಿ ಅಂತ ಕರ್ಕೊಂಡು ಹೋದ್ರು. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಒಂದು ಓಣಿ ಅಷ್ಟೇ, ಇಬ್ರು ಒಟ್ಟಿಗೆ ಹೋಗೋಕಾಗಲ್ಲ. ಮೊಸರಿನ ಡಬ್ಬಿ, ಹಾಲಿನ ಪ್ಯಾಕೆಟ್ಟು, ಎಣ್ಣೆ ಕ್ಯಾನು, ಎಲ್ಲದರಲ್ಲೂ ಸಸಿ. ಡೇಲಿಯಾ ಗಿಡಕ್ಕೆ ಆಸರೆ ಕೊಟ್ಟಿರೋದು ಹಳೇ ಛತ್ರಿ ಕಡ್ಡಿ! ಹೂ ಮುಗ್ಸಿದ ಶೇವಂತಿಗೆ ಎಲ್ಲ ಬುಡದ ಹತ್ರ ಕತ್ತರಿಸಿ ಸಾಲಾಗಿ ಇಟ್ಟಿದಾರೆ, ಬುಡದಿಂದ ಹೊಸ ಮೊಳಕೆ ಬಂದಿದೆ, ಅದನ್ನ ಬಿಡಿಸಿ ಮುಂದಿನ ವರ್ಷಕ್ಕೆ ನೆಡೋದಂತೆ. ತೂತು ಮಾಡಿದ ಡ್ರಮ್ಮಿನಲ್ಲಿ ಒಣಗಿದ ಎಲೆ, ಅಡುಗೆಮನೆ ಸಿಪ್ಪೆ. ಓಣಿಯ ಎಲೆ ಗುಡಿಸೋ ಹೆಂಗಸು ಚೀಲದಲ್ಲಿ ತಂದು ಕೊಡ್ತಾಳಂತೆ, ಸುಡೋ ಬದ್ಲು ಇಲ್ಲಿಗೆ. ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕ್ತಾರೆ, ಆರ್‌ಒ ಮೆಷೀನಿಂದ ಹೊರಗೆ ಬರೋ ನೀರು ಮಾತ್ರ ಹಾಕಲ್ವಂತೆ, ಉಪ್ಪು ಕೂರುತ್ತೆ ಅಂತ. ಕರಿಬೇವಿನ ಗಿಡದಲ್ಲಿ ಹಸಿರು ಹುಳ ಇತ್ತು, ಅಮ್ಮ ಕಿತ್ತು ಎಸೆಯೋಕೆ ಕೈ ಹಾಕಿದ್ರು, ಆಜಿ ತಡೆದ್ರು, ಅದು ಚಿಟ್ಟೆ ಮರಿ, ಆ ಗಿಡ ಅದಕ್ಕೇ ಬಿಟ್ಟಿರೋದು, ಸಾರಿಗೆ ಬೇರೆ ಗಿಡ ಇದೆ ಅಂದ್ರು. ಮುಂದೆ ಕಳೆದಿದ್ದಕ್ಕಿಂತ ಎರಡರಷ್ಟು ಹೊತ್ತು ಅಲ್ಲೇ ಆಯ್ತು.

ಹೆಣೆ ವಿಷ್ಯ! ನಾನು ದಾರಿಯುದ್ದಕ್ಕೂ ಹೇಳ್ಕೊಂಡೇ ಬಂದಿದ್ದೆ, ಅಮ್ಮ ತಲೆ ಆಡಿಸಿದ್ರು, ಹೋಗಿ ಕಾಲು ಗಂಟೇಲಿ ಕೇಳಿದ್ರು. ಎರಡು ಬಣ್ಣದ ದಾಸವಾಳ ಇತ್ತು, ಅದು. ಆಜಿ ಕೊಡ್ಲಿಲ್ಲ. ಬೇಜಾರು ಮಾಡ್ಕೊಂಡಲ್ಲ, ಈಗ ಚಳಿ, ಹವಾ ಒಣಾ ಇದೆ, ಈಗ ಹಚ್ಚಿದ್ರ ಹತ್ತೂದಿಲ್ಲ, ಸುಮ್ಮನ ಒಂದು ಟೊಂಗಿ ಹಾಳು, ಮಳೆಗಾಲ ಶುರುವಾದ್ಮೇಲೆ ಬನ್ನಿ ಅಂದ್ರು. ಅಮ್ಮ ಆಗ ಊರಲ್ಲಿರ್ತಾರೆ, ನಾನೇ ಹೋಗಿ ತಗೊಂಡು ತೀರ್ಥಹಳ್ಳಿಗೆ ಒಯ್ಬೇಕು. ಗೌರಿ ಹೂವಿನ ಬೀಜ ಕೊಟ್ವಿ, ಅದನ್ನ ಮಾತ್ರ ತಕ್ಷಣ ಒಂದು ಔಷಧಿ ಡಬ್ಬೀಲಿ ಹಾಕಿ ಚೀಟಿ ಬರೆದು ಅಂಟಿಸಿದ್ರು. ಹಾಗಾಗಿ ಧಾರವಾಡದವರೂ ಮಾಟುಂಗಾದವರೂ ಇಬ್ರೂ ಅರ್ಧರ್ಧ ಗೆದ್ರಿ.

ಈಗ ಎರಡು ಪ್ರಶ್ನೆ. ಪುಣೆಯಿಂದ ತೀರ್ಥಹಳ್ಳಿಗೆ ರಾತ್ರಿ ಬಸ್ಸಲ್ಲಿ ಟೊಂಗೆ ಹೇಗೆ ಒಯ್ಯೋದು? ಮತ್ತೆ ಆ ಕೇಪಳದ ಹಳದಿ ಎಲೆ ಆಜಿ ಮನೇಲೂ ಇತ್ತು, ಅದೊಂದೇ ಗಿಡ ಸರಿ ಇರ್ಲಿಲ್ಲ.

ಗಿಡದ_ಹುಚ್ಚ

ಛತ್ರಿ ಕಡ್ಡಿ ಐಡಿಯಾ ನಾನು ಕದೀತೀನಿ.

ಕೇಪಳದ್ದು ಮಣ್ಣಿನ ಸಮಸ್ಯೆ. ಪುಣೆಯದ್ದು ಬಸಾಲ್ಟ್ ಕಲ್ಲಿಂದಾದ ಕಪ್ಪು ಮಣ್ಣು, ಸುಣ್ಣದಂಶ ಜಾಸ್ತಿ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದ್ರೆ ಅದೂ ಗಡಸು. ಮಣ್ಣಲ್ಲಿ ಕಬ್ಬಿಣ ಇರುತ್ತೆ, ಆದ್ರೆ ಕ್ಷಾರದ ಮಣ್ಣಲ್ಲಿ ಅದು ಕರಗಲ್ಲ, ಬೇರಿಗೆ ಸಿಗಲ್ಲ. ಕಬ್ಬಿಣ ಇಲ್ಲದೆ ಎಲೆಗೆ ಹಸಿರು ಬರಲ್ಲ, ಅದಕ್ಕೇ ಹೊಸ ಎಲೆಗಳೇ ಮೊದಲು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯೋದು. ಗೋವಾದ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಅಲ್ಲಿ ಈ ತಾಪತ್ರಯ ಇಲ್ಲ. ಮಾಡ್ಬೇಕಾದ್ದು, ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರ್ ನೀರಿಗೆ 5 ಗ್ರಾಂ, ಚೂರು ನಿಂಬೆಹುಳಿ ಪುಡಿ ಸೇರಿಸಿ ಸಂಜೆ ಹೊತ್ತು ಎಲೆಗೆ ಸ್ಪ್ರೇ ಮಾಡೋದು, ಹದಿನೈದು ದಿನ ಬಿಟ್ಟು ಇನ್ನೊಂದ್ಸಲ. ಮಣ್ಣಿಗೇ ಹಾಕೋದಾದ್ರೆ ಅಂಗಡೀಲಿ ಚೀಲೇಟೆಡ್ ಕಬ್ಬಿಣ ಅಂತ ಕೇಳಿ, ಅದರಲ್ಲೂ ಇಡಿಡಿಎಚ್‌ಎ ಅಂತ ಬರೆದಿರೋದೇ ಬೇಕು, ಇಡಿಟಿಎ ಇರೋದು ಸುಣ್ಣದ ಮಣ್ಣಲ್ಲಿ ಕೆಲಸ ಮಾಡಲ್ಲ. ಸುಲಭದ ದಾರಿ ಅಂದ್ರೆ ಕೇಪಳಾನ ನೆಲದಿಂದ ಕಿತ್ತು ಕುಂಡಕ್ಕೆ ಹಾಕಿ, ಎಲೆಗೊಬ್ಬರ ಕೋಕೋಪೀಟ್ ಜಾಸ್ತಿ ಇರೋ ಮಿಶ್ರಣದಲ್ಲಿ, ಮಳೆನೀರು ಹಿಡಿದಿಟ್ಟು ಅದನ್ನೇ ಹಾಕೋದು. ಆಮೇಲೆ ಆಜಿ ಗೋಡೆಗೆ ಬಳಿಯೋ ಸುಣ್ಣ ತೊಳೆದುಕೊಂಡು ಆ ಗಿಡದ ಬುಡಕ್ಕೇ ಹೋಗ್ತಿದ್ಯಾ ನೋಡೋಕೆ ಹೇಳಿ, ಗೋಡೆ ಪಕ್ಕ ಇದ್ರೆ ಅದೂ ಒಂದು ಕಾರಣ.

ಧಾರವಾಡದವ್ರು_ಸಹಕಾರನಗರ

ನಂದೂ ಒಂದು ಅದ ಹುಚ್ಚಣ್ಣಾರ (ಬ್ಯಾಸರಾ ಮಾಡ್ಕೋಬ್ಯಾಡ್ರಿ, ಹೆಸರ ನೀವ ಇಟ್ಕೊಂಡೀರಿ). ಎಲ್ಲಾರ ಮನ್ಯಾಗ ಶ್ಯಾವಂತಗಿ ಹೂ ಬಂದು ಹೋತು, ನಮ್ಮ ಗಿಡ ಎತ್ತರ ಆಗೇದ, ಎಲಿ ಛಲೋ ಅದಾವ, ಮೊಗ್ಗಿ ಇಲ್ಲ. ಹೋದ ವರ್ಷ ಬಂದಿತ್ತು. ಗೊಬ್ಬರಾ ಎಲ್ಲಾ ಹಾಕೇವಿ.

ಗಿಡದ_ಹುಚ್ಚ

ಮನೆ ಮುಂದೆ ಹೊಸದಾಗಿ ಬೀದಿದೀಪ ಏನಾದ್ರೂ ಬಂದಿದ್ಯಾ?

ಧಾರವಾಡದವ್ರು_ಸಹಕಾರನಗರ

ಹೌದ್ರಿ! ದೀಪಾವಳಿ ಮೊದಲ ಎಲ್‌ಇಡಿ ಹಾಕ್ಯಾರ, ಹಗಲ ಆದಂಗ ಆಗ್ತದ.

ಗಿಡದ_ಹುಚ್ಚ

ಅದೇ. ಶೇವಂತಿಗೆ ರಾತ್ರಿ ಉದ್ದ ಆದ್ರೆ ಮಾತ್ರ ಮೊಗ್ಗು ಹಾಕೋ ಗಿಡ, ರಾತ್ರಿ ಬೆಳಕು ಬಿದ್ರೆ ಇನ್ನೂ ಬೇಸಿಗೆ ಅಂತಾನೇ ಬೆಳೀತಾ ಇರುತ್ತೆ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗೋ ಪಾಯಿನ್ಸೆಟಿಯಾ ಕೂಡ ಇದೇ ಥರದ್ದು. ಈ ವರ್ಷಕ್ಕೆ ಮನೆ ಹಿಂದಿನ ಕತ್ತಲೆ ಜಾಗಕ್ಕೆ ಸಾಗಿಸಿ ನೋಡಿ, ರಾತ್ರಿ ಇನ್ನೂ ಉದ್ದ ಇದೆ, ಬಂದ್ರೂ ಬರಬಹುದು. ಮುಂದಿನ ಸಲ ಸೆಪ್ಟೆಂಬರ್ ಕೊನೆಯಿಂದ್ಲೇ ಕುಂಡ ಹಿಂದಕ್ಕಿಡಿ, ಮೊಗ್ಗು ಬಣ್ಣ ತೋರಿಸಿದ ಮೇಲೆ ಮುಂದಕ್ಕೆ ತನ್ನಿ.

ಮಾಟುಂಗಾದಾಕೆ

ಬಸ್ಸಿನ ಪ್ರಶ್ನೆಗೆ ನಾನು ಹೇಳ್ತೇನೆ, ಊರಿಗೂ ಮುಂಬೈಗೂ ಗಿಡ ಹೊತ್ತು ಹೊತ್ತು ಅದೊಂದು ಗೊತ್ತುಂಟು. ದಾಸವಾಳದ ಗೆಲ್ಲು ಪೆನ್ಸಿಲ್ ದಪ್ಪದ್ದು ಇರ್ಲಿ, ತೀರ ಎಳೆಯದ್ದು ಬೇಡ, ಒಂದು ಗೇಣು ಉದ್ದ ಸಾಕು. ತುದಿಯ ಎರಡೆಲೆ ಬಿಟ್ಟು ಉಳಿದದ್ದೆಲ್ಲ ತೆಗೀರಿ, ಆ ಎರಡನ್ನೂ ಅರ್ಧ ಕತ್ತರಿಸಿ, ಹೂ ಮೊಗ್ಗು ಇದ್ರೆ ಚಿವುಟಿ ಬಿಸಾಡಿ. ಪೇಪರ್ ಒದ್ದೆ ಮಾಡಿ ಹಿಂಡಿ, ನೀರು ತೊಟ್ಟಿಕ್ಕಬಾರದು, ಬುಡಕ್ಕೆ ಸುತ್ತಿ ಮೇಲಿಂದ ಪ್ಲಾಸ್ಟಿಕ್. ಯಾವುದು ತಲೆ ಯಾವುದು ಬುಡ ಅಂತ ಗೊತ್ತಾಗ್ಲಿಕ್ಕೆ ಬುಡವನ್ನು ಓರೆಯಾಗಿ ಕತ್ತರಿಸಿ ಅಂತ ಆಜಿಗೆ ಮೊದಲೇ ಹೇಳಿ. ಒಂದಕ್ಕೆ ನಾಲ್ಕು ಒಯ್ಯಿರಿ, ಎರಡಾದ್ರೂ ಹಿಡೀತದೆ. ಬಸ್ಸಿನ ಡಿಕ್ಕಿಯಲ್ಲಿ ಮಾತ್ರ ಹಾಕ್ಬೇಡಿ, ಕೆಲವು ಬಸ್ಸಲ್ಲಿ ಇಂಜಿನ್ ಬಿಸಿಗೆ ಬೆಂದು ಹೋಗ್ತದೆ, ಸೀಟಿನ ಹತ್ರವೇ ಇಟ್ಕೊಳ್ಳಿ, ಎಸಿ ಗಾಳಿ ನೇರ ಬೀಳದ ಹಾಗೆ.